ಕಿಟಕಿಯತ್ತ ತಿರುಗುವವರು

ಗಡಿನಾಡಿನ ನಮ್ಮ ಶಾಲೆಯ ಐಟಿ ಟೀಚರು ಯಾವ ಕೇಬಲನ್ನಾದರೂ ಸೆರಗಿನಲ್ಲಿ ಒರೆಸಿಯೇ ಲ್ಯಾಪ್‌ಟಾಪಿಗೆ ಚುಚ್ಚುತ್ತಿದ್ದರು. ಯಾರಾದರೂ ಪಾಸ್‌ವರ್ಡ್ ಹೊಡೆಯುವಾಗ ಕಿಟಕಿಯತ್ತ ತಿರುಗಿ ನಿಲ್ಲುತ್ತಿದ್ದರು. ಗಾಬರಿಯಾದವರಿಗೆಲ್ಲ ಅವರದು ಒಂದೇ ಮಾತು: "ಹೆದರ್ಬೇಡಿ, ಒಳಗೆ ಎಲ್ಲ ಉಂಟು."

ಹತ್ತನೆಯ ತರಗತಿಯ ಅಂಕಗಳನ್ನು ಕಳಿಸಬೇಕಾದ ದಿನವೇ ನನ್ನ ಲ್ಯಾಪ್‌ಟಾಪ್ ತೆರೆಯಲಿಲ್ಲ. "ಸರಿಯಾಗಿಯೇ ಹೊಡೀತಾ ಇದ್ದೇನಲ್ಲ!" ಎಂದು ಪಾಸ್‌ವರ್ಡನ್ನು ಅಕ್ಷರ ಬಿಡಿಸಿ ಕೂಗಿದೆ. ಅವರು ಬಂದು ಪರದೆಯ ಮೂಲೆ ನೋಡಿದರು. ಬೆಳಗ್ಗೆ ಮಲಯಾಳದಲ್ಲಿ ನೋಟೀಸು ಟೈಪ್ ಮಾಡಿದ ನಾನು ಕೀಬೋರ್ಡನ್ನು ಇಂಗ್ಲಿಷಿಗೆ ತಂದಿರಲಿಲ್ಲ. ಕಪ್ಪು ಚುಕ್ಕೆಗಳ ಹಿಂದೆ ಬೀಳುತ್ತಿದ್ದುದು ಮಲಯಾಳದ ಅಕ್ಷರ. ಅದನ್ನು ಬದಲಿಸಿ, "ಈಗ ಹೊಡೀರಿ" ಎಂದು ಕಿಟಕಿಯತ್ತ ತಿರುಗಿದರು.

ತೆರೆಯಿತು. ಹೋದ ಜೀವ ಬಂದಂತಾಯಿತು.

"ಇನ್ನು ಬೇರೆ ಪಾಸ್‌ವರ್ಡ್ ಇಡಿ ಟೀಚರೇ," ಎಂದರು, ತಿರುಗದೆಯೇ. "ಇದು ಅಡುಗೆಯ ಅಕ್ಕನಿಗೂ ಬಾಯಿಪಾಠ ಆಯ್ತು."