ಅಂಚಿನ ಕಾಲಾಳು

ಎಪ್ಪತ್ತರ ದಶಕದ ಆರಂಭದಲ್ಲಿ ಮುಂಬಯಿಯ ಫೋರ್ಟ್‌ನ ನಮ್ಮ ಆಫೀಸಿಗೆ ನಾನೇ ಚೆಸ್ ಚಾಂಪಿಯನ್. ಚಾಂಪಿಯನ್ ಎಂದರೆ ಲಂಚ್ ಟೈಮಿನಲ್ಲಿ ಇಡ್ಲಿ ತಿನ್ನುತ್ತಲೇ ನಾಲ್ಕು ಜನರನ್ನು ಸೋಲಿಸುವವನು, ಅಷ್ಟೇ. ಜಂಬ ಮಾತ್ರ ಜಗತ್ತನ್ನೇ ಗೆದ್ದವನದು. ಸಾಮಾನ್ಯವಾಗಿ ರಾಜನ ಮುಂದಿನ ಕಾಲಾಳನ್ನೇ ಮೊದಲು ನಡೆಸುತ್ತಿದ್ದೆ. ಯಾವಾಗಲಾದರೊಮ್ಮೆ, ಎದುರಾಳಿಯ ತಲೆ ಕೆಡಿಸಬೇಕೆನಿಸಿದಾಗ, ಅಂಚಿನಲ್ಲಿ ಆನೆಯ ಮುಂದಿರುವ ಕಾಲಾಳನ್ನು ತಳ್ಳುತ್ತಿದ್ದೆ. ಶುದ್ಧ ದಂಡದ ನಡೆ ಅದು. ಆದರೆ ಹಾಗೆ ಶುರುಮಾಡಿದಾಗಲೂ ನಾನು ಗೆಲ್ಲುತ್ತಿದ್ದುದರಿಂದ ಅದರಲ್ಲೇನೋ ಗುಟ್ಟಿದೆ ಎಂದು ಎಲ್ಲರೂ ನಂಬಿದ್ದರು. ನಾನೂ ಅಲ್ಲಗಳೆಯಲಿಲ್ಲ.

ಬಿಜಾಪುರದ ಕಡೆಯ ಟೈಪಿಸ್ಟ್ ಒಬ್ಬ, ಹೆಂಡತಿ ಮಕ್ಕಳಿದ್ದವನು, ಮೂರು ವರ್ಷದಿಂದ ಟೆಂಪರರಿಯಾಗಿಯೇ ಇದ್ದ. ಆಫೀಸಿನ ಚೆಸ್ ತಂಡಕ್ಕೆ ಆಯ್ಕೆಯಾದರೆ ಪರ್ಮನೆಂಟ್ ಮಾಡುವುದಾಗಿ ದೊಡ್ಡ ಸಾಹೇಬರು ಮಾತು ಕೊಟ್ಟಿದ್ದರು. ಇಲ್ಲವಾದರೆ ತಿಂಗಳ ಕೊನೆಗೆ ಮನೆಗೆ. ಸಂಜೆ ನಾವಿಬ್ಬರೂ ಒಂದೇ ಲೋಕಲ್‌ನಲ್ಲಿ ವಡಾಲಕ್ಕೆ ಮರಳುತ್ತಿದ್ದೆವು. ಸೀಟು ಸಿಕ್ಕಿದರೆ ಪುಟ್ಟ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಅವನಿಗೆ ಆಟ ಹೇಳಿಕೊಟ್ಟವನೂ ನಾನೇ. ಆಯ್ಕೆಯ ಕೊನೆಯ ಪಂದ್ಯ ನನ್ನೆದುರೇ ಬಂತು. ಡ್ರಾ ಆದರೂ ಅವನಿಗೆ ಸಾಕಿತ್ತು.

ಬೇಕೆಂದೇ ಸೋತರೆ ಪಕ್ಕದಲ್ಲೇ ಕೂತ ಸಾಹೇಬರಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಅಂಚಿನ ಕಾಲಾಳನ್ನು ತಳ್ಳಿದೆ. ನನ್ನ ಹುಚ್ಚಾಟ ಎಲ್ಲರಿಗೂ ಗೊತ್ತಿದ್ದದ್ದೇ. ಯಾರಿಗೂ ಅನುಮಾನ ಬರದು, ಅವನಿಗೊಂದು ನಡೆ ಬಿಟ್ಟಿ ಸಿಗುತ್ತದೆ ಎಂದುಕೊಂಡೆ.

ಅವನ ಮುಖ ಬಿಳಚಿಕೊಂಡಿತು. ಅವನು ಕಲಿತದ್ದೆಲ್ಲ ರಾಜನ ಕಾಲಾಳಿಗೆ ಉತ್ತರ. ಇಲ್ಲದ ಬಲೆಯನ್ನು ಹುಡುಕುತ್ತ ಒಂದೊಂದು ನಡೆಗೂ ಕಾಲು ಗಂಟೆ ಯೋಚಿಸಿದ. ಗಡಿಯಾರ ಓಡುತ್ತಿತ್ತು. ‘ಆಡಪ್ಪ, ಅಲ್ಲೇನೂ ಇಲ್ಲ’ ಎಂದು ಕೂಗಬೇಕೆನಿಸಿತು. ಡ್ರಾ ಕೇಳೋಣವೆಂದರೆ, ಸಾಹೇಬರು ಏನೆಂದುಕೊಂಡಾರೋ ಎಂದು ತಡಮಾಡಿದೆ. ಬೋರ್ಡಿನ ಮೇಲೆ ಅವನ ಕೈಯೇ ಮೇಲಾಗಿದ್ದಾಗ ಅವನ ಸಮಯ ಮುಗಿದು, ನಿಯಮದಂತೆ ಅವನು ಸೋತ. ಆ ತಡಕ್ಕೆ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ತಿಂಗಳ ಕೊನೆಯ ದಿನ ವಡಾಲ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕೇಳಿದ: “ಸರ್, ಒಂದ್ ಮಾತ್ ಹೇಳ್ರಿ. ಆ ನಡೀದಾಗ ಏನ್ ಗುಟ್ಟ್ ಇತ್ರಿ? ಎಷ್ಟ್ ಹುಡುಕಿದ್ರೂ ಸಿಗವಲ್ದು.”

ಏನೂ ಇರಲಿಲ್ಲ ಎಂದರೆ, ಏನೂ ಇಲ್ಲದ್ದಕ್ಕೆ ಅವನು ಕೆಲಸ ಕಳೆದುಕೊಂಡಂತಾಗುತ್ತಿತ್ತು. ಬೋರ್ಡು ತೆಗೆದು, ಆನೆ ಹೀಗೆ ಬರುತ್ತದೆ, ಒಂಟೆ ಹಾಗೆ ಕಾಯುತ್ತದೆ ಎಂದು ಬಾಯಿಗೆ ಬಂದ ಸುಳ್ಳು ಪೋಣಿಸಿದೆ. ಅವನು ಮನಸ್ಸಿಟ್ಟು ಕೇಳಿದ.

“ಹಂಗಂದ್ರ ಅದು ನನ್ನ ತೆಲಿಗೆ ಹೊಳಿಯೂದಲ್ಲ ಬಿಡ್ರಿ,” ಎಂದ. “ನೌಕರಿಗೆ ನಾನೇ ಲಾಯಕ್ ಇದ್ದಿಲ್ಲ.”