ಗೂಟದ ಮೇಲಿನ ಸೀರೆ

ನಮ್ಮ ಸೀಮೆ ಹಸುವಿಗೆ ನನ್ನಷ್ಟೇ ಹಟ. ನಾನು ಕರೆಯಲು ಕೂತರೆ ಮಾತ್ರ ಸೊರೆ ಬಿಟ್ಟು ಹಾಲು ಇಳಿಸುತ್ತಿತ್ತು. ಬೇರೆ ಯಾರು ಕೆಚ್ಚಲು ಮುಟ್ಟಿದರೂ ಒದೆತ. ನನಗೆ ಅದೊಂದು ಜಂಬವೇ ಇತ್ತು. ಬೂದಿಕೋಟೆ ಹತ್ತಿರದ ನಮ್ಮ ಮನೆ ನಡೆಯುವುದೇ ಡೈರಿಗೆ ಹಾಕುವ ಹಾಲಿನಿಂದ.

ಹೋದ ವರ್ಷ ಜ್ವರ ಬಂತು, ಬಿಟ್ಟಿತು. ಸುಸ್ತು ಮಾತ್ರ ಬಿಡಲಿಲ್ಲ. ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದರೂ ಕಲ್ಲು ಹೊತ್ತು ಬಂದವಳ ಮೈ. ತಲೆ ಬಾಚಲು ಎತ್ತಿದ ಕೈ ನಡುವೆಯೇ ಸೋತು ಬೀಳುತ್ತಿತ್ತು. ರಕ್ತ ಪರೀಕ್ಷೆಯೆಲ್ಲ ಸರಿಯಾಗಿಯೇ ಬಂತು. "ಏನೂ ಇಲ್ವಂತಲ್ಲಮ್ಮ, ಎದ್ದು ಓಡಾಡು, ಸರಿ ಓಗ್ತದೆ" ಎಂದರು ಅತ್ತೆ. ಮೈಯೆಲ್ಲ ಉರಿದುಹೋಯಿತು. ಕಾಯಿಲೆ ಇಲ್ಲ ಅನ್ನಿಸಿಕೊಂಡೇ ಸತ್ತುಹೋಗುತ್ತೇನೇನೋ ಎಂಬ ಹೆದರಿಕೆ ಆ ಸಿಟ್ಟಿಗಿಂತ ದೊಡ್ಡದಿತ್ತು.

ಕೊನೆಗೆ ಬಂಗಾರಪೇಟೆಯ ಡಾಕ್ಟರಮ್ಮ ಇದಕ್ಕೂ ಒಂದು ಹೆಸರಿದೆ ಎಂದರು: ದೀರ್ಘಕಾಲದ ಆಯಾಸದ ಕಾಯಿಲೆ. ಗುಣ ಮಾಡುವ ಮಾತ್ರೆ ಇಲ್ಲವಂತೆ. "ಮೈ ಹಗುರಾಗಿರೋ ದಿನಾನೇ ಹುಷಾರಾಗಿರಿ. ಸುಸ್ತಾಗೋಕೆ ಮೊದಲೇ ಕೂತ್ಕೊಳ್ಳಿ" ಎಂದರು. ನಾನು ಕೇಳಬೇಕಲ್ಲ. ಒಂದು ಬೆಳಿಗ್ಗೆ ಮೈ ಹಗುರಾಗಿತ್ತು. ಕೊಟ್ಟಿಗೆ ತೊಳೆದೆ, ಹುಲ್ಲು ಕೊಯ್ದು ತಂದೆ, ರಾಶಿ ಬಟ್ಟೆ ಒಗೆದೆ. "ನೋಡಿದ್ರಾ ಅತ್ತೆ" ಎಂದು ಬೀಗಿದೆ. ಒಂದು ದಿನ ಬಿಟ್ಟು ಹಾಸಿಗೆಯಲ್ಲಿ ಮಗ್ಗುಲಾಗಲೂ ಆಗಲಿಲ್ಲ. ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು. ನನಗೆ ಓಗೊಡುವ ಶಕ್ತಿಯೂ ಇರಲಿಲ್ಲ.

ಅತ್ತೆ ಗೂಟದಿಂದ ನನ್ನ ಹಳೇ ಸೀರೆ ತೆಗೆದು ಉಟ್ಟುಕೊಂಡರು. ಹಾಲು ಕರೆಯುವವಳು ಊರಲ್ಲಿಲ್ಲದಾಗ ನಮ್ಮ ಕಡೆ ಹೀಗೆ ಮಾಡುವುದುಂಟು. ಸೀರೆಯ ವಾಸನೆಗೆ ಹಸು ಮೋಸಹೋಗುತ್ತದೆ. ಆದರೆ ನಾನು ಮನೆಯಲ್ಲೇ ಇದ್ದೆನಲ್ಲ. ಬಾಗಿಲಿನಾಚೆ ನನ್ನ ಸೀರೆ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತದ್ದು ಕಂಡಿತು. ನಾನು ಹೋದ ಮೇಲೂ ಈ ಮನೆ ಹೀಗೇ ನಡೆಯುತ್ತದೆ ಅನ್ನಿಸಿತು.

"ಇದನ್ನ ಒಗೀಬ್ಯಾಡ. ದಿನಾ ನೀನೇ ಉಟ್ಕೊಂಡು ಮನಿಕ್ಕೊ. ವಾಸ್ನೆ ಓದ್ರೆ ಅಸು ಒದೀತದೆ" ಎಂದರು ಅತ್ತೆ.

ಈಗ ಇದೇ ನನ್ನ ಕೆಲಸ: ಸಗಣಿ ವಾಸನೆಯ ಸೀರೆ ಉಟ್ಟು ಹಗಲೆಲ್ಲ ಸುಮ್ಮನೆ ಮಲಗುವುದು. ಎರಡು ಪಾತ್ರೆ ತೊಳೆದರೆ ಕೂರುತ್ತೇನೆ, ಗೊಣಗಿಕೊಂಡೇ ಕೂರುತ್ತೇನೆ. ಸಂಜೆ ಸೀರೆಯನ್ನು ಗೂಟಕ್ಕೆ ಹಾಕುವಾಗ, ಹಾಲಿನಲ್ಲಿ ನನ್ನದೂ ಪಾಲಿದೆ ಅಂದುಕೊಳ್ಳುತ್ತೇನೆ. ಒಂದು ಭಯ ಮಾತ್ರ ಬಿಟ್ಟಿಲ್ಲ: ಹಸು ಅತ್ತೆಯ ಕೈಗೇ ಒಗ್ಗಿಬಿಟ್ಟರೆ ನಾನು ಯಾತಕ್ಕೆ?

ದಿನಾ ಬೆಳಿಗ್ಗೆ ಅತ್ತೆ ಸೀರೆ ತೆಗೆಯುವ ಸದ್ದಿಗೆ ಕಿವಿಗೊಟ್ಟು ಮಲಗಿರುತ್ತೇನೆ. ಇವತ್ತು ಕಣ್ಣು ಬಿಟ್ಟಾಗ ಸೀರೆ ಗೂಟದಲ್ಲೇ ಇತ್ತು. ಕೊಟ್ಟಿಗೆಯಿಂದ ಬಕೆಟ್ಟಿಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು.