ಕನ್ನಡಕಕ್ಕಿಟ್ಟ ಕುಂಕುಮ

ಜೀನ್ಸ್ ಪ್ಯಾಂಟಿನ ಎರಡು ಕಾಲೂ ಕೂಡುವ ಜಾಗದಲ್ಲಿ ನಾಲ್ಕು ಹೊಲಿಗೆಗಳು ಬಂದು ಒಂದರ ಮೇಲೊಂದು ಕೂರುತ್ತವೆ. ಅಲ್ಲಿ ಬಟ್ಟೆ ಚಪ್ಪಲಿಯ ಅಟ್ಟೆಯಷ್ಟು ದಪ್ಪ. ಎಂಥ ಕಸುಬುದಾರರಿಗೂ ಅಲ್ಲಿ ಸೂಜಿ ಮುರಿಯುತ್ತದೆ. ಗಾದೆಮ್ಮನಿಗೆ ಮಾತ್ರ ಮುರಿಯುತ್ತಿರಲಿಲ್ಲ. ಆ ಜಾಗ ಬಂತೆಂದರೆ ಎಡಗೈ ಹೆಬ್ಬೆರಳಿನಿಂದ ಬಟ್ಟೆಯನ್ನು ಒಂದೇ ಒಂದು ಎಳೆಯಷ್ಟು ಹಿಂದಕ್ಕೆ ಜಗ್ಗಿ ಬಿಡುತ್ತಿದ್ದಳು. ಅಷ್ಟೇ ನೋಡಿ, ಸೂಜಿ ಬೆಣ್ಣೆಯಲ್ಲಿ ಇಳಿದಂತೆ ಇಳಿದುಬಿಡುತ್ತಿತ್ತು.

ಈ ಹೆಬ್ಬೆರಳಿನ ಜಾಣತನ ಬಳ್ಳಾರಿಯದಲ್ಲ, ಸಿರುಗುಪ್ಪದ್ದು. ಅವಳವ್ವ ಮೂಕಮ್ಮ ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಿದ್ದಳು. ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು, "ಕಣ್ಣು ಮುಚ್ಚಿ ಹೊಲಿಯವಾ, ಬೆರಳಿಗೆ ತಿಳೀಲಿ," ಎನ್ನುತ್ತಿದ್ದಳು. ಮದುವೆಯಾಗಿ ಕುರುಗೋಡಿಗೆ ಬಂದ ಮೇಲೆ ಗಾದೆಮ್ಮ ಹದಿನೆಂಟು ವರ್ಷ ದಿನಾ ಮುಂಜಾನೆ ರೊಟ್ಟಿ ಬಡಿದಿಟ್ಟು, ಜೀನ್ಸ್ ಹೊಲಿಯುವ ಯೂನಿಟ್ಟಿಗೆಂದು ಬಳ್ಳಾರಿಯ ಬಸ್ಸು ಹತ್ತಿದವಳು.

ನಲವತ್ತಾರನೇ ವಯಸ್ಸಿಗೆ ಹತ್ತಿರದ್ದು ಕಣ್ಣಿಗೆ ಮಸುಕಾಯಿತು. ಬಸ್ ನಿಲ್ದಾಣದಲ್ಲಿ ಕೊಂಡ ಕನ್ನಡಕ ಹಾಕಿದರೆ ತಲೆ ಸುತ್ತುತ್ತಿತ್ತು. ಅವಳ ಎರಡು ಕಣ್ಣುಗಳ ಮಸುಕೂ ಬೇರೆಬೇರೆ. ಪಕ್ಕದ ಮಿಷನ್ನಿನ ಸರೋಜಾ ಕದ್ದುಮುಚ್ಚಿ ಅವಳ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು. ಯೂನಿಟ್ಟಿನ ಮಾಲೀಕ ವಿರೂಪಾಕ್ಷಿ ಅದನ್ನು ಕಂಡ. "ಯಕ್ಕಾ, ಹಿಂಗಾದ್ರ ಹ್ಯಾಂಗ? ನಿನ್ನ ಮಿಷನ್ನಿಗೆ ಬ್ಯಾರೇರ್ನ ನೋಡಬೇಕಾಕತಿ," ಎಂದ. ಅಂದಿನಿಂದ ಗಾದೆಮ್ಮನಿಗೆ ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ.

ಅಂಥದ್ದರಲ್ಲಿ ಒಂದು ದಿನ ಗಾಂಧಿನಗರದ ಆಫೀಸೊಂದರಿಂದ ಸುಧಾರಾಣಿ ಎಂಬ ಹುಡುಗಿ ಬಂದು ಮೂರು ಡಬ್ಬಿ ಬಿಚ್ಚಿಟ್ಟಳು. ಮೂರೂ ಬೇರೆಬೇರೆ ನಮೂನೆಯ ಸ್ಮಾರ್ಟ್ ಕನ್ನಡಕ.

"ಎಲ್ರೂ ಒಂದೊಂದು ಆರಿಸ್ಕೊಳ್ರಿ. ಇದು ಕಿವಿಯಾಗ ಮಾತಾಡತೈತಿ, ಎಷ್ಟು ಪೀಸ್ ಆತು, ಎಷ್ಟು ಉಳೀತು ಅಂತ ಹೇಳತೈತಿ. ಇದು ಗಾಜಿನ ಮ್ಯಾಲೆ ಅಕ್ಷರ ತೋರಸ್ತೈತಿ. ಈ ಮೂರನೇದು ಏನೂ ಹೇಳಂಗಿಲ್ಲ. ನಿಮ್ಮ ಕೈ ನೋಡ್ತೈತಿ, ಅಷ್ಟ."

"ಮಾತಾಡೋದು ನನಗ ಬ್ಯಾಡ ಬೇ," ಎಂದಳು ಸರೋಜಾ. "ಮನ್ಯಾಗ ಗಂಡ ಅದಾನ, ಅದಾ ಸಾಕು."

ಎಲ್ಲರೂ ನಕ್ಕರು. ಗಾದೆಮ್ಮ ಎರಡನೆಯದನ್ನು ಹಾಕಿ ನೋಡಿದಳು. ಅಕ್ಷರಗಳು ಹೊಲಿಗೆಯ ಮೇಲೆ ಇರುವೆ ಹರಿದಂತೆ ಹರಿದವು. ತೆಗೆದಿಟ್ಟಳು. "ನೋಡಿ ಏನು ಮಾಡತೈತವಾ ಇದು?" ಎಂದು ಮೂರನೆಯದನ್ನು ಮುಟ್ಟಿ ಕೇಳಿದಳು.

"ಕಲೀತೈತಿ, ಆಂಟಿ. ಇದಕ್ಕ ನಿಮ್ಮ ಕಣ್ಣಿಗೆ ತಕ್ಕಂಥ ನಂಬರಿನ ಗಾಜೂ ಹಾಕಿಸಿಕೊಡತೀವಿ. ಉಳಿದೆರಡಕ್ಕ ಬರಂಗಿಲ್ಲ."

ಕಲಿಯುವ ಮಾತು ಗಾದೆಮ್ಮನ ಕಿವಿಗೆ ಬಿತ್ತೋ ಇಲ್ಲವೋ, ನಂಬರಿನ ಮಾತಂತೂ ಬಿತ್ತು. ವಾರದ ನಂತರ ಹೊಸ ಕನ್ನಡಕ ಏರಿಸಿದಾಗ ಸೂಜಿಯ ಕಣ್ಣು ಬಾಗಿಲು ತೆರೆದಂತೆ ಕಂಡಿತು. ಅವಳಿಗೆ ಅಳುವೇ ಬಂತು.

ಹೊಸ ಸಾಮಾನು ಯಾವುದೇ ಬರಲಿ, ಕತ್ತರಿಯಿರಲಿ ದಾರ ಸುತ್ತುವ ಬಾಬಿನ್ನಿರಲಿ, ಗಾದೆಮ್ಮ ಪೂಜೆ ಮಾಡದೆ ಮುಟ್ಟುತ್ತಿರಲಿಲ್ಲ. ಕನ್ನಡಕಕ್ಕೂ ಅದೇ ಮರ್ಯಾದೆ. ನೋಡುವುದು ಗಾಜು ಎಂದೇ ಅವಳ ತಿಳುವಳಿಕೆ. ಅದಕ್ಕೆ ಕೊಳೆ ತಾಕದಂತೆ ಸೆರಗಿನಲ್ಲಿ ಒರೆಸಿ, ಚೌಕಟ್ಟಿನ ಎರಡೂ ಮೂಲೆಯ ಗುಂಡಿಯಂಥ ಚುಕ್ಕಿಗಳ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಳು. ಬೊಟ್ಟಿಡಲೆಂದೇ ಮಾಡಿದ ಜಾಗದಂತಿತ್ತು. ಸರೋಜಾಳೂ ಮೂರನೆಯ ನಮೂನೆಯದನ್ನೇ ಆರಿಸಿದ್ದಳು; ಅವಳದರಲ್ಲಿ ಒಂದು ಚುಕ್ಕಿ ಕಪ್ಪಗಿರುತ್ತಿತ್ತು, ಇನ್ನೊಂದು ಹೊಲಿಯುವಷ್ಟೂ ಹೊತ್ತು ಬೆಳ್ಳಗೆ ಮಿನುಗುತ್ತಿತ್ತು. ಗಾದೆಮ್ಮನದು ಮಂಗಳವಾರ, ಶುಕ್ರವಾರ ಹೊಸ ಕುಂಕುಮ ಕಂಡು ಕೆಂಪಗೇ ಉಳಿಯಿತು.

ಮೂರು ತಿಂಗಳು ಕಳೆಯಿತು. ಹಿತ್ತಲ ಶೆಡ್ಡಿಗೆ ಒಂದು ಲಾರಿ ಬಂತು. ಇಳಿದ ಯಂತ್ರಕ್ಕೆ ಎರಡು ಉದ್ದನೆಯ ಕೈಗಳಿದ್ದವು. ಅದು ಜೇಬು ಹೊಲಿಯತೊಡಗಿತು, ಅಂಚನ್ನು ಎರಡು ಬೆರಳಲ್ಲಿ ಸವರಿ, ಸ್ವಲ್ಪ ತಟ್ಟಿ, ಥೇಟ್ ಸರೋಜಾ ತಟ್ಟಿದಂತೆ. ಬಾಗಿಲಲ್ಲಿ ನಿಂತು ನೋಡಿದ ಸರೋಜಾ, "ಅದು ನನ್ನ ಕೈ ಅಲ್ಲೇನಬೇ?" ಎಂದಳು. ಯಾರೂ ನಗಲಿಲ್ಲ. ಸೋಮವಾರದಿಂದ ಅವಳು ಬರಲಿಲ್ಲ. ಬರೋದು ಬ್ಯಾಡ ಅಂದಿದ್ದರು. ಮುಂದಿನ ವಾರ ಬೆಲ್ಟು ಕೂಡಿಸುವ ನೀಲಾವತಿಯೂ ಇಲ್ಲ. ಒಂದೊಂದು ಮಿಷನ್ನಿನ ಮೇಲೂ ಹಳೇ ಚಾದರ ಬಿತ್ತು.

ಉಳಿದವಳು ಗಾದೆಮ್ಮ ಒಬ್ಬಳೇ. ಆ ಶುಕ್ರವಾರ ವಿರೂಪಾಕ್ಷಿ ಅವಳನ್ನು ಕರೆದು ಕಂಪ್ಯೂಟರ್ ತಿರುಗಿಸಿದ. ಪರದೆ ತುಂಬ ಬರೀ ಕೆಂಪು. ಕಣ್ಣು ಮುಚ್ಚಿಕೊಂಡು ಬಿಸಿಲಿಗೆ ಮುಖ ಮಾಡಿದಾಗ ಕಾಣುವಂಥ ಕೆಂಪು.

"ನಿನ್ನ ಕನ್ನಡಕ ನೋಡಿದ್ದು ಮೂರು ತಿಂಗಳು ಹಿಂಗಾ ಐತಿ ಯಕ್ಕಾ. ಎಲ್ಲಾರದೂ ಒಟ್ಟಿಗೇ ಆಫೀಸಿಗೆ ಕಳ್ಸಿದ್ರು, ಯಾರೂ ಬಿಚ್ಚಿ ನೋಡಿರಲಿಲ್ಲ. ನಾಕು ಹೊಲಿಗಿ ಕೂಡೋ ಜಾಗದಾಗ ಆ ಶೆಡ್ಡಿನ ಮಿಷನ್ನು ದಿನಾ ಸೂಜಿ ಮುರೀತೈತಿ." ಒರೆಸಿ ತೊಳೆದ ಕನ್ನಡಕವನ್ನು ಅವಳ ಕೈಗಿಟ್ಟ. "ಇವತ್ತು ಕುಂಕುಮ ಬ್ಯಾಡ."

ಗಾದೆಮ್ಮನಿಗೆ ಆಗ ತಿಳಿಯಿತು, ಇಷ್ಟು ದಿನ ತನ್ನನ್ನು ಉಳಿಸಿದ್ದು ಒಂದು ಚಿಟಿಕೆ ಕೆಂಪು. "ನನಗ ಆ ಮಾತಾಡೋದನ್ನ ಕೊಡಪಾ," ಎಂದಳು.

"ಆರಿಸೋದು ಮುಗೀತು, ಯಕ್ಕಾ."

ಮಿಷನ್ನಿಗೆ ಬಂದು ಕೂತಳು. ಕನ್ನಡಕ ಏರಿಸಿ ದಾರ ಪೋಣಿಸಿದಳು, ಕೈ ಬಟ್ಟೆಗೆ ಹೋಗುವ ಮೊದಲೇ ತೆಗೆದಳು. ಗಾಜು ಗೋಡೆಯತ್ತ ಇರುವಂತೆ ಮೊಳೆಗೆ ಸಿಕ್ಕಿಸಿದಳು. ಹೊಲಿಗೆ ಮಸುಕಾಯಿತು. ಆಗಲಿ. ಕಣ್ಣು ಮುಚ್ಚಿ, ಅವ್ವ ಹೇಳಿದಂತೆ ಬೆರಳಿಗೆ ಬಿಟ್ಟಳು. ದಪ್ಪ ಬಂತು, ಹೆಬ್ಬೆರಳು ಒಂದು ಎಳೆ ಜಗ್ಗಿತು, ಸೂಜಿ ಇಳಿಯಿತು. ಒಂದು ಪೀಸ್, ಎರಡು, ಏಳು. ಒಂದೂ ಮುರಿಯಲಿಲ್ಲ. ಯಾವ ಕನ್ನಡಕವೂ ಬೇಡ ನನಗೆ ಎಂದು ಅವಳ ಎದೆ ಉಬ್ಬಿತು.

ತಲೆ ಎತ್ತಿದಳು. ಹತ್ತಿರದ್ದು ಕಾಣದ ಆ ಕಣ್ಣಿಗೆ ದೂರದ್ದು ಚೆನ್ನಾಗಿಯೇ ಕಾಣುತ್ತಿತ್ತು. ಸರೋಜಾಳ ಮಿಷನ್ನಿನ ಚಾದರದ ಪಕ್ಕ ಸುಧಾರಾಣಿ ನಿಂತಿದ್ದಳು. ಯಾವಾಗ ಬಂದಳೋ. ಮುಖ ಬಗ್ಗಿಸಿ ಗಾದೆಮ್ಮನ ಎಡಗೈಯನ್ನೇ ನೋಡುತ್ತಿದ್ದಳು. ಅವಳ ಕಣ್ಣಿಗೂ ಒಂದು ಕನ್ನಡಕವಿತ್ತು. ಅದರ ಮೂಲೆಯಲ್ಲಿ ಬೆಳ್ಳನೆಯ ಚುಕ್ಕಿ ಮಿನುಗುತ್ತಲೇ ಇತ್ತು.